ಪಿರಿಯ ಮೊಸಂಗಿಗೆ, ಏಳು ಮಣಿಯ ಬಾಕಿ

ಮೊಸಂಗಿ,

ಉಭಯ ಕುಶಲೋಪರಿ ಅಂತ ಶುರು ಮಾಡಬೇಕೆಂದರೆ ಕೈ ಏಳಲಿಲ್ಲ. ನನ್ನ ಕುಶಲ ನಾನು ಹೇಳಬಹುದು. ಬಿಪಿ ಮಾತ್ರೆ ಒಂದಿತ್ತು, ಎರಡಾಗಿದೆ. ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಕುಶಲ ಯಾರನ್ನು ಕೇಳಲಿ? ವಿಳಾಸವಾದರೂ ಏನಂತ ಬರೆಯಲಿ? ಮಸ್ಕಿ ಅಂತ ಬರೆದರೆ ಪತ್ರ ಈಗಿನ ಮಸ್ಕಿಗೆ ಹೋಗುತ್ತದೆ. ಅಲ್ಲಿ ಬಸ್‌ಸ್ಟ್ಯಾಂಡು, ಹತ್ತಿ ತುಂಬಿದ ಟ್ರ್ಯಾಕ್ಟರು, ಈಚೆಗೆ ತಾಲ್ಲೂಕು ಆದ ಸಂಭ್ರಮ ಎಲ್ಲ ಇದೆ. ಅದರ ನಡುವೆ ನಿನ್ನ ಹೆಸರು ಕೇಳಿದರೆ ಟಪಾಲಿನವನು ನನ್ನನ್ನೇ ಮೇಲೆ ಕೆಳಗೆ ನೋಡುತ್ತಾನೆ.

ಈಗ ಇದ್ದಕ್ಕಿದ್ದಂತೆ ಬರೆಯಲು ಕಾರಣ ನನ್ನ ತಮ್ಮನ ಮಗಳು. ಅಮೆರಿಕದಲ್ಲಿ ಕೆಲಸ. ಸಂಕ್ರಾಂತಿಗೆ ಸಿಂಧನೂರಿಗೆ ಬಂದಿದ್ದಳು. ಊಟ ಮುಗಿಸಿ ಅಂಗಳದಲ್ಲಿ ಕೂತಾಗ ಫೋನು ತೆಗೆದು ಪೆರು ದೇಶಕ್ಕೆ ಹೋಗಿದ್ದ ಫೋಟೋ ತೋರಿಸತೊಡಗಿದಳು. ಮಾಚು ಪಿಕ್ಚು. ಮೋಡ ತಳದಲ್ಲಿ, ಊರು ಮೇಲೆ. ಸಮುದ್ರ ಮಟ್ಟದಿಂದ 2,430 ಮೀಟರ್ ಎತ್ತರದಲ್ಲಿ ಕಲ್ಲಿನ ಮನೆಗಳು, ಗುಡ್ಡದ ಮೈಯೆಲ್ಲ ಮೆಟ್ಟಿಲು ಹೊಲ. ಟಿಕೆಟು ತಿಂಗಳುಗಟ್ಟಲೆ ಮೊದಲೇ ತೆಗೆಸಬೇಕಂತೆ. ನಾನು ಕನ್ನಡಕ ಸರಿಮಾಡಿಕೊಂಡು ಎಲ್ಲ ನೋಡಿದೆ. ಕೊನೆಗೆ ಅವಳು ಕೇಳಿದಳು: "ದೊಡ್ಡಪ್ಪಾ, ನಮ್ಮ ಕಡಿ ಇಂಥಾವು ಏನೂ ಇಲ್ಲೇನು?"

ತಪ್ಪು ಅವಳದಲ್ಲ. ಈ ದಾರಿಯಲ್ಲಿ ಅವಳು ನೂರು ಸಲ ಓಡಾಡಿದ್ದಾಳೆ. ಸಿಂಧನೂರು ಬಿಟ್ಟರೆ ಮಸ್ಕಿ, ಮಸ್ಕಿ ದಾಟಿದರೆ ಲಿಂಗಸುಗೂರು, ಎಲ್ಲ ಒಂದೇ ಹೆದ್ದಾರಿ. ಬಸ್ಸು ನಿನ್ನ ತಲೆಯ ಪಕ್ಕದಲ್ಲೇ ಹೋಗುತ್ತದೆ. ಕಿಟಕಿಯಿಂದ ಗುಡ್ಡ ಕಾಣುತ್ತದೆ, ಮಲ್ಲಿಕಾರ್ಜುನನ ಗುಡಿ ಕಾಣುತ್ತದೆ. ನೀನು ಕಾಣುವುದಿಲ್ಲ. ತೋರಿಸಬೇಕಾದವನು ನಾನು, ಎಂದೂ ತೋರಿಸಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಕರೆದುಕೊಂಡು ಬಂದೆ. ನಿನಗೆ ನಮ್ಮ ಹೆಜ್ಜೆ ಸಪ್ಪಳ ಕೇಳಿಸಿತೋ ಏನೋ.

ಮೊದಲು ನಿನ್ನ ಹೆಸರಿನ ವಿಷಯ. ಚಾಲುಕ್ಯರ ಜಗದೇಕಮಲ್ಲ ಜಯಸಿಂಹನ ಕಾಲದ ಶಾಸನದಲ್ಲಿ ನಿನ್ನನ್ನು 'ರಾಜಧಾನಿ ಪಿರಿಯ ಮೊಸಂಗಿ' ಅಂತ ಕರೆದಿದ್ದಾರೆ. ಪಿರಿಯ ಅಂದರೆ ನಾವು ಈಗ ಹಿರಿಯ ಅನ್ನುವುದೇ. ಪಕಾರ ಹೋಗಿ ಹಕಾರ ಬಂತು, ಮೊಸಂಗಿ ಸವೆದು ಮಸ್ಕಿ ಆಯಿತು. ಮಗಳಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಮಾಚು ಅಂದರೂ ಅಲ್ಲಿನ ಕೆಚುವಾ ಮಾತಿನಲ್ಲಿ ಹಳೆಯದು, ಮುದಿಯದು ಅಂತಲೇ ಅರ್ಥವಂತೆ. ಅದೂ ಹಿರಿಯ ಬೆಟ್ಟ, ನೀನೂ ಹಿರಿಯ ಊರು. ಇದಕ್ಕಿಂತ ತಮಾಷೆಯ ಇನ್ನೊಂದು ಸಂಗತಿಯಿದೆ. 2021ರಲ್ಲಿ ಇಬ್ಬರು ವಿದ್ವಾಂಸರು ಹಳೇ ಕಾಗದಪತ್ರ ತೆಗೆದು ನೋಡಿ, ಇಂಕಾ ಜನ ಆ ಊರನ್ನು ಕರೆಯುತ್ತಿದ್ದದ್ದು ಹುವಾಯ್ನಾ ಪಿಕ್ಚು ಎಂದಿರಬೇಕು ಎಂದರು. ಹುವಾಯ್ನಾ ಅಂದರೆ ಎಳೆಯದು. ಎಳೆಯದು ಅಂತ ಹೆಸರಿಟ್ಟುಕೊಂಡ ಊರನ್ನು ಲೋಕವೆಲ್ಲ ಮುದುಕ ಅಂತ ಕರೆಯುತ್ತಿದೆ! ನಿನಗೆ ಹಾಗಾಗಿಲ್ಲ, ನಿನ್ನನ್ನು ಯಾರೂ ಕರೆಯುವುದೇ ಇಲ್ಲ.

ವಯಸ್ಸಿನ ಮಾತು ಬಂದರೆ ಅದು ನಿನ್ನ ಮುಂದೆ ತೊಟ್ಟಿಲ ಕೂಸು. ಅದನ್ನು ಕಟ್ಟಿದ್ದು 15ನೇ ಶತಮಾನದಲ್ಲಿ. ಆ ಹೊತ್ತಿಗೆ ಇಲ್ಲಿ ಮುದಗಲ್ಲ ಕೋಟೆಗಾಗಿ ವಿಜಯನಗರದವರೂ ಬಹಮನಿಗಳೂ ಕಿತ್ತಾಡಿ ಹಣ್ಣಾಗಿದ್ದರು. ನೀನು ಅದಕ್ಕೂ ಮೂರು ಸಾವಿರ ವರ್ಷ ಹಿಂದಿನವಳು. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಗೆದಾಗ ನಾಲ್ಕು ಪದರ ಸಿಕ್ಕವು. ಎಲ್ಲಕ್ಕಿಂತ ಕೆಳಗೆ ಕಲ್ಲಿನ ಕೊಡಲಿ, ಚಕ್ಕೆಗಲ್ಲಿನ ಸಣ್ಣ ಸಣ್ಣ ಅಲಗು. ಅದರ ಮೇಲೆ ಕಬ್ಬಿಣ ಬಂದ ಕಾಲ. ಅದರ ಮೇಲೆ ಸಾತವಾಹನರ ಕಾಲ, ಮತ್ತೆ ಅದರ ಮೇಲೆ ನಡುಗಾಲ. ಒಬ್ಬರ ಅಡುಗೆಮನೆಯ ಮೇಲೆ ಇನ್ನೊಬ್ಬರು ಒಲೆ ಹೂಡಿ, ಅವರ ಬೂದಿಯ ಮೇಲೆ ಮತ್ತೊಬ್ಬರು. ನಿನ್ನಲ್ಲಿ ಸಿಕ್ಕ ಉರುಳು ಮುದ್ರೆಯೊಂದಿದೆ, ಅದರ ಮೇಲೆ ಆನೆ, ಆನೆಯ ಹಿಂದೆ ಅದನ್ನು ಹೊಡೆದುಕೊಂಡು ಹೋಗುವವನು. ಅಂಥ ಉರುಳು ಮುದ್ರೆಗಳು ಮೆಸೊಪಟೇಮಿಯದ ಕಡೆ ಹೇರಳ, ನಮ್ಮ ನೆಲದಲ್ಲಿ ಬಲು ಅಪರೂಪ. ಅದನ್ನು ಹೊತ್ತು ತಂದವನು ಯಾರೇ? ಆ ಆನೆ ಎಲ್ಲಿಯದು? ಇಷ್ಟು ದಿನವಾಯಿತು, ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು?

ನಿನ್ನ ಮೇಲೆ ನನಗಿರುವ ಸಿಟ್ಟೇ ಇದು. ಮಾತಾಡದ ಹೆಂಗಸು ನೀನು.

ನಿನ್ನ ಪಕ್ಕದವರು ಇಷ್ಟು ಬಿಗಿಯಲ್ಲ. ಜಲದುರ್ಗಕ್ಕೆ ಹೋದರೆ ಕೃಷ್ಣೆ ಕೆಳಗೆ ಗುಡುಗುತ್ತಾಳೆ, ಕೋಟೆ ಗೋಡೆ ತಾನಾಗಿ ಕಥೆ ಹೇಳುತ್ತದೆ. ಮುದಗಲ್ಲ ಹತ್ತಿರದ ಪಿಕಳಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್ 1952ರಲ್ಲಿ ಅಗೆಸಿದ ಹಳೇ ಊರಿದೆ. ಅಲ್ಲಿನವರು ಗುಡ್ಡದ ಇಳಿಜಾರಿಗೆ ಕಲ್ಲು ಒಟ್ಟಿ ಸಮತಟ್ಟು ಮಾಡಿಕೊಂಡಿದ್ದರು, ಬಂಡೆಗಳ ಮೇಲೆ ಉದ್ದ ಕೋಡಿನ ಎತ್ತುಗಳನ್ನು ಬಿಡಿಸಿದ್ದರು. ಮಾಚು ಪಿಕ್ಚುವಿನ ಮೆಟ್ಟಿಲು ಹೊಲದ ಫೋಟೋ ನೋಡಿದಾಗ ನನಗೆ ಮೊದಲು ನೆನಪಾದದ್ದು ಅದು. ನಮ್ಮ ಜನವೂ ಕಲ್ಲು ಗುಡ್ಡದ ಮೇಲೆ ಸಂಸಾರ ಹೂಡಿದವರೇ, ಕ್ಯಾಮೆರಾಕ್ಕೆ ಕಾಣುವಷ್ಟು ಎತ್ತರಕ್ಕೆ ಮಾತ್ರ ಏರಲಿಲ್ಲ.

ಆದರೂ ನನ್ನ ಪಾಲಿಗೆ ನೀನು ನೀನೇ. ನಾನು ನಿನ್ನ ಮೊಮ್ಮಗನ ಲೆಕ್ಕ. ಅವ್ವನ ತವರುಮನೆ ಮಸ್ಕಿ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಒಂದು ಜೋರು ಮಳೆ ಬಿದ್ದರೆ ಆಯಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: "ನೆಲದವ್ವ ಮಣಿ ಉಗುಳ್ಯಾಳ, ಹೋಗ್ರೆಪಾ, ಆರಿಸ್ಕೊಂಡು ಬರ್ರಿ!" ನಾವು ಗುಡ್ಡದ ಬುಡದ ಹೊಲಗಳಿಗೆ ಓಡುತ್ತಿದ್ದೆವು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಒಂದೊಂದು ಸೇರು ತೂಗುತ್ತಿತ್ತು. ಬಗ್ಗಿಕೊಂಡೇ ನಡೆಯಬೇಕು. ಮಳೆ ತೊಳೆದ ಮಣ್ಣಿನಲ್ಲಿ ಮಡಕೆ ಚೂರು ಕಣ್ಣಿಗೆ ಬೀಳುತ್ತಿದ್ದವು, ಒಳಗೆ ಕರ್ರಗೆ ಹೊರಗೆ ಕೆಂಪಗೆ. ಅವು ನಮಗೆ ಬೇಡ. ನಮಗೆ ಬೇಕಾದದ್ದು ಮಣಿ. ದಿನವೆಲ್ಲ ಹುಡುಕಿದರೆ ಒಂದೋ ಎರಡೋ. ಬಿಳಿಯವು ಶಂಖದವು. ಕೆಂಪು ಮಣಿ ಸಿಕ್ಕರೆ ಅವತ್ತು ಅವನೇ ರಾಜ.

ಆ ಕೆಂಪು ಮಣಿಯನ್ನು ಬಿಸಿಲಿಗೆ ಹಿಡಿದರೆ ಒಳಗೆ ಜೇನು ತುಂಬಿದಂತೆ ಹೊಳೆಯುತ್ತಿತ್ತು. ತೂತು ಮಾತ್ರ ನೇರ ಇರುತ್ತಿರಲಿಲ್ಲ. ಎರಡೂ ಬದಿಯಿಂದ ಕೊರೆಯುತ್ತ ಬಂದು ನಡುವೆ ಕೂಡಿಸಿದ್ದು, ಕೂಡುವಲ್ಲಿ ಕೂದಲೆಳೆಯಷ್ಟು ತಪ್ಪಿದ್ದು. ದಾರ ಪೋಣಿಸುವಾಗ ಅಲ್ಲೇ ಬಂದು ಸಿಕ್ಕಿಕೊಳ್ಳುತ್ತಿತ್ತು. ಆಯಿ ದಾರದ ತುದಿಯನ್ನು ಎಂಜಲಲ್ಲಿ ಹೊಸೆದು, ಒಂದು ಕಣ್ಣು ಮುಚ್ಚಿ, "ಆವತ್ತೂ ಒಬ್ಬಾಕಿ ಇಲ್ಲೇ ಸಿಕ್ಕಿಸ್ಕೊಂಡು ಬೈದಿರ್ತಾಳ ನೋಡು" ಅನ್ನುತ್ತಿದ್ದಳು. ಪುರಾತತ್ವದ ಪುಸ್ತಕಗಳನ್ನು ಆಮೇಲೆ ಎಷ್ಟೋ ಓದಿದ್ದೇನೆ. ಆಯಿಯ ಈ ಮಾತಿನಷ್ಟು ಹತ್ತಿರಕ್ಕೆ ಯಾವುದೂ ನನ್ನನ್ನು ನಿನ್ನ ಬಳಿ ಒಯ್ದಿಲ್ಲ.

ಈಗ ತಪ್ಪೊಪ್ಪಿಗೆ. ಐವತ್ತು ವರ್ಷದ ಹಿಂದಿನ ಮಾತು. ನನ್ನ ಹತ್ತಿರ ಎಂಟು ಮಣಿ ಕೂಡಿದ್ದವು. ಗುಡ್ಡದ ಕಡೆಯಿಂದ ಪ್ಯಾಂಟು, ಟೋಪಿ ಹಾಕಿದ ಒಬ್ಬ ಬಂದ. ಎಲ್ಲಿಯವನೋ, ಯಾರ ಪೈಕಿಯೋ. ಅಂಗೈ ಬಿಚ್ಚಿ ತೋರಿಸು ಅಂದ, ತೋರಿಸಿದೆ. ಏಳು ಕೊಡು, ಎರಡು ರೂಪಾಯಿ ಅಂದ. ಮೊಸಂಗಿ, ನಾನು ಕೊಟ್ಟುಬಿಟ್ಟೆ. ಆ ಎರಡು ರೂಪಾಯಿಯಲ್ಲಿ ಒಗ್ಗರಣಿ ಮಿರ್ಚಿ ತಿಂದೆ, ಉಳಿದದ್ದರಲ್ಲಿ ಸೋಡಾ ಕುಡಿದೆ. ಹಸಿಮೆಣಸಿನಕಾಯಿ ನಾಲಿಗೆ ಸುಟ್ಟದ್ದು ಇವತ್ತಿಗೂ ನೆನಪಿದೆ. ಅವನ ಮುಖ ನೆನಪಿಲ್ಲ. ಮೂರು ಸಾವಿರ ವರ್ಷ ಜೋಪಾನ ಮಾಡಿದ್ದನ್ನು ನೀನು ನನ್ನ ಕೈಯಲ್ಲಿಟ್ಟೆ, ನಾನು ಅದನ್ನು ಅರ್ಧ ತಾಸಿನಲ್ಲಿ ಕರಗಿಸಿದೆ. ನನ್ನ ವಯಸ್ಸು ಆಗ ಹತ್ತು ಅಂತ ನೆಪ ಹೇಳಬಹುದು. ಆದರೆ ಹಾಳೂರ ಮಣ್ಣು ಹೊಲಕ್ಕೆ ಒಳ್ಳೇ ಗೊಬ್ಬರ ಅಂತ ಚಕ್ಕಡಿಗಟ್ಟಲೆ ಹೇರಿದ ನಮ್ಮ ಹಿರಿಯರಿಗೆ ಹತ್ತು ವರ್ಷ ಆಗಿರಲಿಲ್ಲವಲ್ಲ.

ಎಂಟನೇ ಮಣಿ ಏನಾಯಿತು ಅಂತ ಕೇಳುತ್ತೀಯ. ತಡಿ, ಹೇಳುತ್ತೇನೆ.

ಅದಕ್ಕೂ ಮೊದಲು ನಿನ್ನ ಶಾಸನದ ಬಂಡೆಯ ಹತ್ತಿರ ಹೋಗೋಣ. ಮಗಳನ್ನು ಅಲ್ಲಿಗೇ ಕರೆದೊಯ್ದೆ. ದುರ್ಗದ ಗುಡ್ಡದ ಗುಹೆಯಂಥ ಆ ಪೊಟರೆಯಲ್ಲಿ ಎಂಟು ಸಾಲು, ನಡುನಡುವೆ ಚಕ್ಕೆ ಎದ್ದಿವೆ. "ಒಂದು ಕೂಡಿಸುವ ಚಿಹ್ನೆ ಹುಡುಕು" ಅಂದೆ. ಹುಡುಕಿದಳು. ಬ್ರಾಹ್ಮಿ ಲಿಪಿಯಲ್ಲಿ ಕಕಾರ ನಮ್ಮ ಲೆಕ್ಕದ ಕೂಡಿಸುವ ಚಿಹ್ನೆಯಂತೆಯೇ ಇರುತ್ತದೆ. ಮೊದಲ ಸಾಲಿನ ಆ ಚಿಹ್ನೆಯ ಹಿಂದೆ ಮುಂದೆ ಓದಿದರೆ 'ದೇವಾನಂಪಿಯಸ ಅಸೋಕಸ'. ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಓದಿದ ಮೇಲೂ ಸಿಕ್ಕ ಶಾಸನಗಳಲ್ಲೆಲ್ಲ ಇದ್ದದ್ದು ದೇವರಿಗೆ ಪ್ರಿಯನಾದವನು, ಪ್ರಿಯದರ್ಶಿ ಎಂಬ ಬಿರುದುಗಳೇ. ಇವನೇ ಅಶೋಕ ಎಂಬುದು ಲಂಕೆಯ ಪುರಾತನ ಗ್ರಂಥಗಳ ಆಸರೆಯಿಂದ ಮಾಡಿದ ಊಹೆ. 78 ವರ್ಷ ಆ ಊಹೆಯ ಮೇಲೇ ಚರಿತ್ರೆ ನಿಂತಿತ್ತು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಈ ಕಡೆ ಅದಿರು ಹುಡುಕುತ್ತ ಬಂದಾಗ ಅವನಿಗೆ ಸಿಕ್ಕದ್ದು ಈ ಬಂಡೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಓದಿ ಅಚ್ಚು ಹಾಕಿಸಿದರು. ಚಕ್ರವರ್ತಿಗೆ ಅವನ ಹೆಸರು ಮರಳಿ ಸಿಕ್ಕಿತು. ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿ ಅದೇ ಹೆಸರು ಕಂಡದ್ದು ಆಮೇಲೆ. ಮೊದಲು ಹೇಳಿದವಳು ನೀನು.

1911ರಲ್ಲಿ ಬಿಂಗ್‌ಹ್ಯಾಮ್ ಮಾಚು ಪಿಕ್ಚುವನ್ನು ಕಂಡುಹಿಡಿದ ಅನ್ನುತ್ತಾರಲ್ಲ, ಅವನು ಮೇಲೆ ಹತ್ತಿದಾಗ ಅಲ್ಲಿ ರೈತರ ಮನೆಗಳಿದ್ದವು. ಇಂಕಾಗಳ ಮೆಟ್ಟಿಲು ಹೊಲದಲ್ಲೇ ಅವರು ಬೆಳೆ ತೆಗೆಯುತ್ತಿದ್ದರು. ಅವರಲ್ಲೇ ಒಂದು ಸಣ್ಣ ಹುಡುಗ ಅವನಿಗೆ ದಾರಿ ತೋರಿಸಿದ. ಬೀಡನ್‌ಗಿಂತ ಮೊದಲು ನಿನ್ನ ಗುಡ್ಡದಲ್ಲಿ ಕುರಿ ಬಿಟ್ಟುಕೊಂಡು, ಮಳೆ ಬಂದಾಗ ಅದೇ ಪೊಟರೆಯಲ್ಲಿ ಕೂತು ಬೀಡಿ ಸೇದಿದವರು ಆ ಗೀರುಗಳನ್ನು ನೋಡದೆ ಇದ್ದರಾ? ಬೆರಳಾಡಿಸದೆ ಇದ್ದರಾ? ಕಂಡವರು ಬಹಳ. ಪುಸ್ತಕಕ್ಕೆ ಹೋದವನು ಒಬ್ಬ.

ಮಗಳು ಒಂದು ಮಾತು ಹೇಳಿದಳು, ನನಗೆ ಹಿಡಿಸಿತು. ಇಂಕಾಗಳಿಗೆ ನಮ್ಮಂಥ ಬರಹ ಇರಲಿಲ್ಲ, ಬಣ್ಣದ ಹುರಿಗಳಿಗೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಹಾಗಾಗಿ ಅಲ್ಲಿ ಇಷ್ಟೊಂದು ಗೋಡೆ ಇದ್ದರೂ ಒಂದಕ್ಷರ ಇಲ್ಲ. ಇಲ್ಲಿ ಅಕ್ಷರ ಇದೆ, ಗೋಡೆ ಇಲ್ಲ.

ಅಕ್ಷರದ ಬಗ್ಗೆಯೂ ನನ್ನದೊಂದು ತಕರಾರು ಕೇಳು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ, ಸಣ್ಣವನೂ ಅದನ್ನು ಪಡೆಯಬಲ್ಲ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿ ಅಂತ ಬಂಡೆ ಸಾರುತ್ತದೆ. ಬಹಳ ಒಳ್ಳೆಯದು. ಆದರೆ ಯಾವ ಮಾತಿನಲ್ಲಿ? ಪ್ರಾಕೃತದಲ್ಲಿ. ಆವತ್ತು ನಿನ್ನ ಮಕ್ಕಳು ಮನೆಯಲ್ಲಿ ಏನು ಮಾತಾಡುತ್ತಿದ್ದರೇ? ಬಿಸಿಲಿಗೆ ಕೈ ಅಡ್ಡ ಹಿಡಿದು ಗುಡ್ಡದ ಮೇಲೆ ನಿಂತ ಕುರಿಯವನಿಗೆ, ಮಣಿ ಕೊರೆಯುವವನಿಗೆ, ಯಾರೋ ಒಬ್ಬ ಅದನ್ನು ಓದಿ, ನಿಮ್ಮ ಮಾತಿಗೆ ತಿರುಗಿಸಿ ಹೇಳಿರಲೇಬೇಕು. ಕಲ್ಲಿನ ಮೇಲೆ ಬಿದ್ದದ್ದು ಪಾಟಲೀಪುತ್ರದ ಮಾತು. ಗಾಳಿಗೆ ಹೋದದ್ದು ನಿನ್ನ ಮಾತು. ನನಗೆ ಬೇಕಾಗಿದ್ದದ್ದು ಎರಡನೆಯದು. ರಾಜನ ಹೆಸರನ್ನು ಅಷ್ಟು ಜತನದಿಂದ ಇಟ್ಟುಕೊಂಡೆ, ನಿನ್ನವರ ಪೈಕಿ ಒಬ್ಬರ ಹೆಸರನ್ನಾದರೂ ಪಕ್ಕದಲ್ಲಿ ಗೀಚಿಸಬಾರದಿತ್ತೇ?

ಚಿನ್ನದ ವಿಷಯದಲ್ಲೂ ನೀನು ಹೀಗೆಯೇ. ಇಲ್ಲೇ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಿದ್ದಾರೆ. ಈಗಿನವರು ಗಣಿ ಇಳಿಸಿದಾಗ ಹಳೇ ಕಾಲದವರ ಅಗೆತ 640 ಅಡಿ ಆಳದವರೆಗೆ ಸಿಕ್ಕಿತಂತೆ. ಮೆಷಿನ್ನಿಲ್ಲ, ಕರೆಂಟಿಲ್ಲ, ಬಂಡೆಗೆ ಬೆಂಕಿ ಹಾಕಿ ನೀರು ಚೆಲ್ಲಿ ಸೀಳುತ್ತ ಇಳಿದವರು. ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಮೌರ್ಯರ ಸುವರ್ಣಗಿರಿ ನೀನೇ ಅಂತ ಕೆಲವರು, ಅಲ್ಲ ಕನಕಗಿರಿ ಅಂತ ಇನ್ನು ಕೆಲವರು. ಹಾಗೇ ರಾಜೇಂದ್ರ ಚೋಳನೂ ಜಯಸಿಂಹನೂ ಕಾದಾಡಿದ ಮುಸಂಗಿ ನೀನೇ ಅಂತ ಬಹಳ ವಿದ್ವಾಂಸರು. ಇಬ್ಬರೂ ತಾವೇ ಗೆದ್ದೆವು ಅಂತ ಬರೆಸಿಕೊಂಡಿದ್ದಾರೆ. ಕಣ್ಣಾರೆ ಕಂಡವಳು ನೀನೊಬ್ಬಳೇ, ಸಾಕ್ಷಿ ಹೇಳು ಅಂದರೆ ಜೋಳದ ಹೊಲದಂತೆ ತಲೆದೂಗಿ ಸುಮ್ಮನಾಗುತ್ತೀ.

ಗುಡ್ಡದಿಂದ ಇಳಿಯುವಾಗ ನನಗೊಂದು ಅನುಮಾನ ಹುಟ್ಟಿತು. ಇಷ್ಟು ದಿನ ನೀನು ಬಿಟ್ಟುಹೋದವಳು ಅಂತಲೇ ನಾನು ನಿನ್ನನ್ನು ಬೈದುಕೊಂಡೆ. ಸಿಂಧನೂರಿನ ಸುತ್ತ ಊರು ಬಿಟ್ಟು ಬಂದವರ ಕ್ಯಾಂಪುಗಳಿವೆ, ನಿನಗೆ ಗೊತ್ತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಭತ್ತ ಬೆಳೆಯಲು ಆಂಧ್ರದಿಂದ ಬಂದವರದು ಒಂದಿಷ್ಟು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರದು ಒಂದಿಷ್ಟು. ಬಂಗಾಳಿ ಕ್ಯಾಂಪಿನ ಒಬ್ಬ ಮುದುಕ ನನಗೆ ಪರಿಚಯ. ಈಗ ಅವನ ಕನ್ನಡ ನನ್ನದರಷ್ಟೇ ರಾಯಚೂರು ಕನ್ನಡ. ಬಿಟ್ಟು ಬಂದ ಊರಿನ ಹೆಸರು, ಮನೆ ಮುಂದಿನ ಕೆರೆಯ ಹೆಸರು ಅವನಿಗೂ ಗೊತ್ತು, ಅವನ ಮೊಮ್ಮಗನಿಗೂ ಬಾಯಿಪಾಠ. ಬಿಟ್ಟು ಹೋದವರು ಹೆಸರು ಕಟ್ಟಿಕೊಂಡೇ ಹೋಗುತ್ತಾರೆ. ಮರೆಯುವವರು ಅಲ್ಲೇ ಉಳಿದವರು. ಹಾಗಾದರೆ ನಿನ್ನವರು ಎಲ್ಲಿಗೂ ಹೋಗಲಿಲ್ಲವೇನೋ. ಮಾಚು ಪಿಕ್ಚು ನೂರು ವರ್ಷದ ಆಸುಪಾಸು ಬಾಳಿ ಖಾಲಿಯಾಯಿತು. ನೀನು ಅದರಂತೆ ಖಾಲಿಯಾಗಿ ಉಳಿಯಲಿಲ್ಲ. ಪದರದ ಮೇಲೆ ಪದರವಾಗಿ ಕೊನೆಗೆ ಬಸ್‌ಸ್ಟ್ಯಾಂಡಾಗಿ ನಿಂತೆ. ನಿನ್ನ ಮಣಿ ಕೊರೆದವನ ಮೊಮ್ಮಗನ ಮೊಮ್ಮಗನೇ ಅಲ್ಲಿ ಮಿರ್ಚಿ ಕರಿಯುತ್ತಿದ್ದನೋ ಏನೋ, ಎರಡು ರೂಪಾಯಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು, ಅಷ್ಟೇ. ಇದು ನನ್ನ ಪಾಪಕ್ಕೆ ನಾನೇ ಬರೆದುಕೊಂಡ ಮಾಫಿಪತ್ರ ಅಂತ ನೀನು ಅಂದರೆ ನನ್ನ ಹತ್ತಿರ ಉತ್ತರವಿಲ್ಲ.

ಎಂಟನೇ ಮಣಿ.

ಅದನ್ನು ಆಯಿಗೆ ಕೊಟ್ಟಿದ್ದೆ. ಎಲೆ ಅಡಿಕೆ ಚಂಚಿಯ ಬಾಯಿದಾರಕ್ಕೆ ಕಟ್ಟಿಕೊಂಡಿದ್ದಳು. ಎಲೆಗೆ ಸುಣ್ಣ ಹಚ್ಚುವಾಗೆಲ್ಲ ಅದು ಅವಳ ಮಣಿಕಟ್ಟಿಗೆ ಬಡಿಯುತ್ತಿತ್ತು, ಕೊನೆಕೊನೆಗೆ ಸುಣ್ಣ ಮೆತ್ತಿ ಮೆತ್ತಿ ಕೆಂಪೇ ಕಾಣುತ್ತಿರಲಿಲ್ಲ. ಅವಳು ಹೋದಾಗ ನಮ್ಮ ಪದ್ಧತಿಯಂತೆ ಮಣ್ಣು ಮಾಡಿದೆವು. ಆಕೆಗೆ ಅದಿಲ್ಲದೆ ಆಗುವುದಿಲ್ಲ ಅಂತ ಅವ್ವ ಆ ಚಂಚಿಯನ್ನೂ ಪಕ್ಕದಲ್ಲಿಟ್ಟಳು. ನಿನ್ನ ಕಬ್ಬಿಣದ ಕಾಲದವರೂ ಸತ್ತವರ ಪಕ್ಕದಲ್ಲಿ ಅವರಿಗೆ ಬೇಕಾದದ್ದನ್ನು ಇಡುತ್ತಿದ್ದರಲ್ಲ, ಈಟಿ, ಗಡಿಗೆ, ಹಾಗೆ. ಅವ್ವ ಯಾವ ಪುಸ್ತಕವನ್ನೂ ಓದಿದವಳಲ್ಲ.

ಮುಂದೆ ಎಂದೋ ಯಾರಾದರೂ ಅಗೆಯುತ್ತಾರೆ. ಈಗಲೂ ಬರುತ್ತಿರುತ್ತಾರೆ. 2010ರ ಈಚೆಗೆ ಆಂಡ್ರ್ಯೂ ಬಾವರ್, ಪೀಟರ್ ಜೊಹಾನ್ಸೆನ್ ಅವರ ತಂಡ ನಿನ್ನ ಸುತ್ತಲಿನ ಹೊಲ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ನೋಡಿ ಗುರುತು ಹಾಕಿಕೊಂಡಿದೆ. ಅಂಥವರ ಕೈಗೆ ಒಂದು ದಿನ ಆಯಿಯ ಎಲುಬಿನ ಜೊತೆ ಆ ಮಣಿ ಸಿಕ್ಕರೆ, ಸುಣ್ಣ ತೊಳೆದು ನೋಡಿ, ಇದು ಯಾವ ಕಾಲದ ಸಮಾಧಿ ಅಂತ ಅವರು ತಲೆ ಕೆಡಿಸಿಕೊಳ್ಳುವುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ನೀನಾದರೂ ಅವರ ಕಿವಿಯಲ್ಲಿ ಉಸುರು, ನಮ್ಮಾಕೆಯೇ, ಎಲೆ ಅಡಿಕೆಯವಳು ಅಂತ.

ವಾಪಸು ಬರುವಾಗ ಮಗಳು ಬದುವಿನಲ್ಲಿ ಬಗ್ಗಿ ಏನೋ ಎತ್ತಿಕೊಂಡಳು. ಮಡಕೆ ಚೂರು, ಒಳಗೆ ಕರ್ರಗೆ ಹೊರಗೆ ಕೆಂಪಗೆ. ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡಿದರು. ಅವಳು ಹೆಬ್ಬೆರಳಿನಿಂದ ಮಣ್ಣು ಉಜ್ಜಿ, ಫೋಟೋ ತೆಗೆದುಕೊಂಡು, ನನ್ನ ಮುಖ ನೋಡಿ ಎಲ್ಲಿ ಎತ್ತಿದ್ದಳೋ ಅಲ್ಲೇ ಇಟ್ಟಳು. ನಾನು ಏನೂ ಹೇಳಿರಲಿಲ್ಲ.

ಜೂನಿಗೆ ಮತ್ತೆ ಬರುತ್ತಾಳಂತೆ, ಮೃಗಶಿರ ಮಳೆ ನೋಡಬೇಕಂತೆ, ಟಿಕೆಟ್ ತೆಗೆಸಿದ್ದಾಳೆ. ಬಂದರೆ ನನ್ನ ಜೊತೆ ನಿನ್ನ ಹೊಲಕ್ಕೆ ಬರುತ್ತಾಳೆ. ಗುರುತು ಹಿಡಿ, ಆಯಿಯ ಹಾಗೆ ಒಂದು ಕಣ್ಣು ಮುಚ್ಚಿ ನೋಡುವ ಚಾಳಿ ಇದೆ ಅವಳಿಗೆ. ಏಳು ಮಣಿಯ ಬಾಕಿ ನನ್ನ ಮೇಲಿರಲಿ, ಅವಳ ಮುಂದೆ ಎತ್ತಬೇಡ.

ಇಂತಿ ನಿನ್ನ,
ಮಸ್ಕಿಯ ಮೊಮ್ಮಗ
ಸಿಂಧನೂರು